ಐಸಿಯು ಖಾಲಿ ಆದ್ಮೇಲೆ ಕುಸಿದ ಸಿಸ್ಟರ್: ಒಂದು ಪ್ರಕರಣ ಅಧ್ಯಯನ

ಮೊದ್ಲೇ ಹೇಳ್ಬಿಡ್ತೀನಿ, ಇದನ್ನ ಬರೀತಿರೋದು ಆ ಸಿಸ್ಟರ್ ಒಪ್ಪಿಗೆ ತಗೊಂಡು, ಅವ್ರೇ ಒಂದ್ಸಲ ಓದಿ ಎರಡು ಕಡೆ ತಿದ್ದಿಸಿದಾರೆ. ಹೆಸರು, ಊರು, ಆಸ್ಪತ್ರೆ ಯಾವ್ದೂ ಹಾಕಿಲ್ಲ, ಗುರುತು ಸಿಗೋ ವಿವರ ಒಂದಷ್ಟು ಬದಲಾಯ್ಸಿದೀನಿ. ಅವ್ರು ಕೋವಿಡ್ ಐಸಿಯುಲಿ ಡ್ಯೂಟಿ ಮಾಡಿದ ನರ್ಸ್, ನಾನು ಆಗ ಅದೇ ಆಸ್ಪತ್ರೆಲಿ ಕೌನ್ಸೆಲರ್ ಆಗಿದ್ದೆ. ಈ ಕೇಸಲ್ಲಿ ನಾನು ಮಾಡಿದ ತಪ್ಪೂ ಇದೆ, ಅದನ್ನೂ ಬರೀತೀನಿ.

ಅವ್ರು ನನ್ನ ಹತ್ರ ಬಂದಿದ್ದು "ಮನಸ್ಸು ಸರಿಯಿಲ್ಲ" ಅಂತ ಹೇಳ್ಕೊಂಡಲ್ಲ. ಕೈಲಿ ಒಂದು ಮೆಮೊ ಇತ್ತು. ನಾಲ್ಕು ಮಡಿಕೆ ಮಾಡಿ ಯೂನಿಫಾರ್ಮ್ ಜೇಬಲ್ಲಿ ಇಟ್ಕೊಂಡಿದ್ರು, ಮಡಿಕೆ ಇದ್ದ ಕಡೆ ಕಾಗದ ಹರಿಯೋಕೆ ಬಂದಿತ್ತು, ಎಷ್ಟು ಸಲ ತೆಗ್ದು ಓದಿ ಮತ್ತೆ ಮಡಚಿಟ್ಟಿದ್ರೋ. ಮೂರು ವಾರದಲ್ಲಿ ಎರಡು ತಪ್ಪು. ಒಂದ್ಸಲ ಇನ್‌ಫ್ಯೂಶನ್ ಪಂಪಲ್ಲಿ, ಅಂದ್ರೆ ರಕ್ತನಾಳಕ್ಕೆ ಔಷಧಿ ಅಳತೆಲಿ ಬಿಡೋ ಮಷೀನಲ್ಲಿ, ರೇಟ್ ಹಾಕೋವಾಗ ದಶಮಾಂಶದ ಚುಕ್ಕಿ ಬಿಟ್ಬಿಟ್ಟಿದ್ರು, ಸ್ಟಾರ್ಟ್ ಒತ್ತೋಕೆ ಮುಂಚೆನೇ ಪಕ್ಕದಲ್ಲಿದ್ದ ಜೂನಿಯರ್ ಸಿಸ್ಟರ್ ನೋಡಿ ತಡೆದ್ರು. ಇನ್ನೊಂದ್ಸಲ ಹ್ಯಾಂಡೋವರ್ ಕೊಡೋವಾಗ ಒಬ್ಬ ಪೇಷಂಟ್‌ಗೆ ಔಷಧಿ ಅಲರ್ಜಿ ಇದೆ ಅನ್ನೋದನ್ನ ಹೇಳೋಕೇ ಮರ್ತಿದ್ರು, ಚಾರ್ಟಲ್ಲಿ ಇತ್ತು ಅಂತ ಬಚಾವಾಯ್ತು. ಎರಡರಲ್ಲೂ ಯಾರಿಗೂ ಏನೂ ಆಗ್ಲಿಲ್ಲ. 11 ವರ್ಷದ ಸರ್ವಿಸಲ್ಲಿ ಅವ್ರ ಮೇಲೆ ಒಂದೂ ಇನ್ಸಿಡೆಂಟ್ ರಿಪೋರ್ಟ್ ಇರ್ಲಿಲ್ಲ. ಮೆಮೊದಲ್ಲಿ ಇದ್ದಿದ್ದು "ಅಜಾಗರೂಕತೆ ಮತ್ತು ಕರ್ತವ್ಯದಲ್ಲಿ ನಿರ್ಲಕ್ಷ್ಯ", ಕೆಳಗೆ ಪೆನ್ನಲ್ಲಿ "ಕೌನ್ಸೆಲಿಂಗ್‌ಗೆ ಕಳಿಸಿ". ಕೌನ್ಸೆಲಿಂಗ್ ಅನ್ನೋದನ್ನೂ ಶಿಕ್ಷೆ ಪಟ್ಟಿಗೆ ಸೇರ್ಸಿದ್ರು ಅಂತ ಆಗ ನಂಗೆ ಸಿಟ್ಟು ಬಂದಿತ್ತು, ಈಗ್ಲೂ ಪೂರ್ತಿ ಹೋಗಿಲ್ಲ.

ಆ ದಿನ ಐಸಿಯುಲಿ ಕೋವಿಡ್ ಪೇಷಂಟ್ ಇದ್ದಿದ್ದು ಮೂರೇ ಜನ. ಅಲೆ ಇಳಿದು ತಿಂಗಳ ಮೇಲಾಗಿತ್ತು. ಅದಕ್ಕೇ ಮೇಲಿನೋರಿಗೆ ಅರ್ಥ ಆಗಿರ್ಲಿಲ್ಲ, ಬೆಡ್ ಎಲ್ಲ ಭರ್ತಿ ಇದ್ದಾಗ ಸಿಂಹಿಣಿ ಥರ ಓಡಾಡ್ತಿದ್ದೋರು ಈಗ ಕೆಲ್ಸ ಕಮ್ಮಿ ಇರೋವಾಗ ಯಾಕೆ ಹೀಗೆ ಮಾಡ್ತಿದಾರೆ, ಸೋಮಾರಿತನ ಬಂತಾ ಅಂತ. ಈ ಕೇಸಲ್ಲಿ ನಾನು ಹೇಳ್ಬೇಕು ಅಂತಿರೋದು ಮುಖ್ಯವಾಗಿ ಇದನ್ನೇ, ಡಿಪ್ರೆಶನ್ ಬಂದಿದ್ದು ಅಲೆ ಜೊತೆಲಿ ಅಲ್ಲ, ಅಲೆ ಇಳಿದ ಮೇಲೆ, ಆದ್ರೆ ಬದುಕಿನ ಗುಣಮಟ್ಟ ಅಂತೀವಲ್ಲ ಅದು ಅದಕ್ಕಿಂತ ತಿಂಗಳುಗಟ್ಲೆ ಮುಂಚೆನೇ ಕೆಳಗೆ ಜಾರಿತ್ತು, ಅದನ್ನ ಯಾರೂ ಅಳೆದಿರ್ಲಿಲ್ಲ.

ಅಲೆ ಇದ್ದಾಗ

ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಪ್ಯಾಂಡೆಮಿಕ್ ಅಂತ ಕರೆದಿದ್ದು 2020ರ ಮಾರ್ಚ್ 11ಕ್ಕೆ. ಅದಕ್ಕಿಂತ ಮುಂಚೆ ಇವ್ರ ಐಸಿಯುಲಿ ವೆಂಟಿಲೇಟರ್ ಮೇಲಿರೋ ಒಬ್ರಿಗೆ ಒಬ್ರು ಸಿಸ್ಟರ್, ಕಷ್ಟ ಅಂದ್ರೆ ಇಬ್ರಿಗೆ ಒಬ್ರು. ಅಲೆ ಏರಿದಾಗ ನಾಲ್ಕು ಜನಕ್ಕೆ ಒಬ್ರು. ಪಿಪಿಇ ಒಳಗೆ ಆರು ಗಂಟೆ, ನೀರಿಲ್ಲ, ಟಾಯ್ಲೆಟ್ ಇಲ್ಲ, ಡ್ಯೂಟಿಗೆ ಎರಡು ಗಂಟೆ ಮುಂಚೆಯಿಂದನೇ ನೀರು ಕುಡಿಯೋದು ನಿಲ್ಲಿಸ್ಬಿಡ್ತಿದ್ರು. ಯಾರು ಯಾರು ಅಂತ ಗೊತ್ತಾಗ್ಲಿ ಅಂತ ಗೌನ್ ಎದೆ ಮೇಲೆ ಮಾರ್ಕರ್ ಪೆನ್ನಲ್ಲಿ ಹೆಸರು. ಪೇಷಂಟ್‌ಗಳನ್ನ ಹೊಟ್ಟೆ ಮೇಲೆ ಮಲಗ್ಸೋದು ಅಂತ ಇದೆಯಲ್ಲ, ಪ್ರೋನಿಂಗ್, ಶ್ವಾಸಕೋಶದ ಹಿಂಭಾಗಕ್ಕೆ ಗಾಳಿ ಚೆನ್ನಾಗಿ ಹೋಗ್ಲಿ ಅಂತ ದಿನಕ್ಕೆ 12ರಿಂದ 16 ಗಂಟೆ ಹಾಗೆ ಇಡ್ತಾರೆ. ಟ್ಯೂಬ್, ಲೈನ್ ಯಾವ್ದೂ ಕಿತ್ತು ಬರ್ದಂಗೆ ಒಬ್ರನ್ನ ತಿರುಗ್ಸೋಕೆ ಐದಾರು ಜನ ಬೇಕು, ಅಷ್ಟು ಜನ ಇರ್ತಿರ್ಲಿಲ್ಲ, ಇದ್ದೋರೇ ಮಾಡ್ತಿದ್ರು. ಕೊನೆಗೆ ಪಿಪಿಇ ಬಿಚ್ಚೋದು, ಸೋಂಕು ತಗುಲೋ ಅಪಾಯ ಜಾಸ್ತಿ ಇರೋದೇ ಆಗ, ಅಂದ್ರೆ ಮೈಲಿ ಶಕ್ತಿ ಎಲ್ಲ ಬತ್ತಿ ಹೋಗಿರೋ ಹೊತ್ತಲ್ಲಿ ಎಲ್ಲಕ್ಕಿಂತ ಜಾಸ್ತಿ ಎಚ್ಚರ ಬೇಕು.

ಇವ್ರಿಗೆ ಇದ್ರ ಜೊತೆ ಇನ್ನೊಂದು ಡ್ಯೂಟಿ ಬಿತ್ತು. ವಾರ್ಡ್ ಫೋನ್. ಮನೆಯೋರು ಒಳಗೆ ಬರಂಗಿಲ್ಲವಲ್ಲ, ಅದಕ್ಕೆ ಜಿಪ್ ಇರೋ ಪ್ಲಾಸ್ಟಿಕ್ ಕವರಲ್ಲಿ ಒಂದು ಮೊಬೈಲ್ ಇಟ್ಟಿದ್ರು, ಅದರಲ್ಲಿ ವಿಡಿಯೋ ಕಾಲ್ ಮಾಡಿ ಪೇಷಂಟ್ ಮುಖದ ಹತ್ರ ಹಿಡೀಬೇಕು. ಇವ್ರು ಮಾತಾಡೋದು ಮೃದು, ಅದಕ್ಕೆ ಇನ್‌ಚಾರ್ಜ್ "ಸಿಸ್ಟರ್ ನೀವೇ ಮಾಡಿ, ನಿಮ್ಗೆ ಚೆನ್ನಾಗಿ ಬರತ್ತೆ" ಅಂದ್ರು. ಹಾಗೆ ಶುರುವಾಗಿದ್ದು ತಿಂಗಳುಗಟ್ಲೆ ಇವ್ರ ತಲೆ ಮೇಲೇ ಉಳೀತು. ಎಷ್ಟು ಕಾಲ್ ಮಾಡಿಸಿರ್ಬಹುದು ಅಂತ ಕೇಳ್ದೆ. ಲೆಕ್ಕ ಇಟ್ಟಿಲ್ಲ ಮೇಡಂ, ಮೊದಮೊದಲು ಇಟ್ಟಿದ್ದೆ, ಆಮೇಲೆ ಬಿಟ್ಟೆ ಅಂದ್ರು.

ಮನೇಲಿ ಐದು ವರ್ಷದ ಮಗಳು. ಮನೆಗೆ ಸೋಂಕು ತಗೊಂಡ್ ಹೋಗ್ಬಾರ್ದು ಅಂತ ಸ್ಟಾಫ್‌ಗೆ ಕೊಟ್ಟಿದ್ದ ರೂಮಲ್ಲೇ ಇದ್ರು. ಅಲ್ಲೂ ಫೋನೇ. ಮೊದಲ ತಿಂಗಳು ಮಗು ಫೋನ್ ಕಿತ್ಕೊಂಡು ಮಾತಾಡ್ತಿತ್ತು, ಎರಡನೇ ತಿಂಗಳು ಕರೆದ್ರೆ ಬರ್ತಿತ್ತು, ಆಮೇಲೆ ಕರೆದ್ರೂ ಬರ್ದೆ ಕ್ಯಾಮೆರಾ ಆಚೆಯಿಂದ ಗೊಂಬೆ ಸದ್ದು ಮಾತ್ರ ಕೇಳಿಸ್ತಿತ್ತಂತೆ. ಗಂಡ "ಆಟ ಆಡ್ತಿದಾಳೆ ಬಿಡು" ಅಂತಿದ್ರು, ಒಳ್ಳೇ ಮನಸ್ಸಿಂದ್ಲೇ ಹೇಳಿದ್ದು, ಆದ್ರೆ ಇವ್ರಿಗೆ ಅದು "ನೀನಿಲ್ದೆ ನಡೀತಿದೆ" ಅಂತ ಕೇಳಿಸ್ತಿತ್ತು.

ಮಧ್ಯದಲ್ಲಿ ಇವ್ರಿಗೂ ಸೋಂಕು ಬಂತು, ಸೌಮ್ಯ, ಆಕ್ಸಿಜನ್ ಏನೂ ಬೇಕಾಗ್ಲಿಲ್ಲ, 14 ದಿನ ಒಂಟಿಯಾಗಿದ್ದು ವಾಪಸ್ ಡ್ಯೂಟಿಗೆ ಬಂದ್ರು. ಆ 14 ದಿನಾನೇ ತಿಂಗಳುಗಳಲ್ಲಿ ಸಿಕ್ಕಿದ ದೊಡ್ಡ ರಜೆ ಅಂತ ನಗ್ತಾ ಹೇಳಿದ್ರು. ನಗು ಬಾಯಲ್ಲಷ್ಟೇ ಇತ್ತು.

ಫಾರ್ಮಲ್ಲಿ 3, ಕಾಗದದಲ್ಲಿ 17

ಅಲೆ ಏರಿದ್ದಾಗ ಆಡಳಿತದೋರು ಸುಮ್ನೆ ಕೂತಿರ್ಲಿಲ್ಲ, ಅದನ್ನ ಒಪ್ಕೋಬೇಕು. ಎಲ್ಲರ ಮೊಬೈಲ್‌ಗೆ ಪಿಎಚ್‌ಕ್ಯೂ-9 ಫಾರ್ಮ್ ಕಳಿಸಿದ್ರು. ಗೊತ್ತಿಲ್ದೋರಿಗೆ ಹೇಳ್ತೀನಿ, ಡಿಪ್ರೆಶನ್ ಲಕ್ಷಣ ಅಳೆಯೋ ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದಲ್ಲಿ ಎಷ್ಟು ದಿನ ಹೀಗಾಯ್ತು ಅಂತ ಪ್ರತಿಯೊಂದಕ್ಕೂ 0ಯಿಂದ 3, ಒಟ್ಟು 27. 5 ಬಂದ್ರೆ ಸೌಮ್ಯ, 10 ಮಧ್ಯಮ, 15 ಸ್ವಲ್ಪ ಗಂಭೀರ, 20 ಆದ್ರೆ ತೀವ್ರ. 2001ರಿಂದ ಬಳಕೆಲಿರೋ ಅಳತೆ, ಒಳ್ಳೇದೇ. ಆದ್ರೆ ಫಾರ್ಮ್ ಮೊದಲ ಸಾಲಲ್ಲೇ ಎಂಪ್ಲಾಯೀ ಐಡಿ ಕೇಳಿದ್ರು. ಯಾರ್ ತಾನೇ ನಿಜ ಬರೀತಾರೆ? ಅರ್ಧ ಜನ ಎಲ್ಲಾದಕ್ಕೂ 0 ಒತ್ತಿ ಕಳಿಸಿದ್ರು. ನಮ್ಮ ಸಿಸ್ಟರ್ ಸ್ವಲ್ಪ ಪ್ರಾಮಾಣಿಕರು, ನಿದ್ದೆ ಮತ್ತೆ ಸುಸ್ತು ಎರಡಕ್ಕೂ ಏನೋ ಹಾಕಿ 3 ಬಂದಿತ್ತು. ನಾರ್ಮಲ್ ಅಂತ ಫೈಲ್ ಆಯ್ತು. ಇನ್ನೂ ಒಂದು ಬೇಜಾರು, ಅದೇ ಐಸಿಯು ನೆಲ ಒರೆಸ್ತಿದ್ದ, ಹೆಣ ಸುತ್ತೋಕೆ ಕೈ ಹಾಕ್ತಿದ್ದ ಹೌಸ್‌ಕೀಪಿಂಗ್‌ನೋರಿಗೆ ಫಾರ್ಮೇ ಹೋಗ್ಲಿಲ್ಲ, ಅವ್ರು ಕಾಂಟ್ರಾಕ್ಟ್, ಪಟ್ಟೀಲಿ ಇಲ್ಲ ಅಂತ.

ನನ್ನ ರೂಮಲ್ಲಿ ಕಾಗದದ ಮೇಲೆ, ಪೆನ್ಸಿಲಲ್ಲಿ, ಐಡಿ ಇಲ್ದೆ ಮತ್ತೆ ಅದೇ ಒಂಬತ್ತು ಪ್ರಶ್ನೆ ಕೊಟ್ಟೆ. 17 ಬಂತು.

ಇಲ್ಲಿ ಒಂದು ಎಚ್ಚರಿಕೆ. ಆಸ್ಪತ್ರೆ ಸ್ಟಾಫ್‌ಗೆ ಈ ಅಳತೆ ಕೊಡೋವಾಗ ಒಟ್ಟು ಅಂಕ ಒಂದನ್ನೇ ನೋಡ್ಬಾರ್ದು. ನಿದ್ದೆ, ಸುಸ್ತು, ಹಸಿವು, ಗಮನ, ಈ ನಾಲ್ಕು ಪ್ರಶ್ನೆಗೆ ನೈಟ್ ಡ್ಯೂಟಿ ಮಾಡೋ ಯಾರಿಗಾದ್ರೂ ಆರೇಳು ಅಂಕ ಪುಕ್ಕಟೆ ಬಂದ್ಬಿಡತ್ತೆ. ಅದಕ್ಕೆ ನಾನು ಮೊದ್ಲು ನೋಡೋದು 1, 2, 6, 9. ಯಾವ್ದರಲ್ಲೂ ಆಸಕ್ತಿ ಇಲ್ಲ ಅನ್ನೋದು ಇವ್ರಿಗೆ 3, ಬೇಜಾರು 2, ತನ್ನ ಬಗ್ಗೆನೇ ಕೆಟ್ಟ ಭಾವನೆ 3. ಒಂಬತ್ತನೇದು, ಸತ್ತೋದ್ರೆ ಒಳ್ಳೇದು ಅನ್ನೋ ಯೋಚನೆ, ಅದಕ್ಕೆ 1. ಅಂದ್ರೆ ಇದು ಬರೀ ನಿದ್ದೆಗೆಟ್ಟ ಸುಸ್ತಲ್ಲ.

ಒಂಬತ್ತನೇ ಪ್ರಶ್ನೇಲಿ 0 ಬಿಟ್ಟು ಬೇರೆ ಏನೇ ಬಂದ್ರೂ ಅವತ್ತೇ ಬಾಯಿಬಿಟ್ಟು ಕೇಳ್ಬೇಕು, ಕೇಳಿದ್ರೆ ತಲೇಲಿ ಆ ಯೋಚನೆ ಹುಟ್ಟತ್ತೆ ಅನ್ನೋದು ಸುಳ್ಳು. ಕೇಳ್ದೆ. "ಸಾಯ್ಬೇಕು ಅಂತಲ್ಲ ಮೇಡಂ, ಮಲಗಿದ್ಮೇಲೆ ಎಚ್ಚರ ಆಗ್ದಿದ್ರೆ ಸಾಕು ಅನ್ಸತ್ತೆ" ಅಂದ್ರು. ಯೋಚನೆ ಇದೆ, ಪ್ಲಾನ್ ಇಲ್ಲ, ಮುಂಚೆ ಯಾವತ್ತೂ ಪ್ರಯತ್ನ ಇಲ್ಲ. ಅವತ್ತೇ ಸೈಕಿಯಾಟ್ರಿಸ್ಟ್ ಹತ್ರ ಮಾತಾಡಿ ಟೈಮ್ ತಗೊಂಡೆ, ಆ ಯೋಚನೆ ಜೋರಾದ್ರೆ ಮೊದ್ಲು ಯಾರಿಗೆ ಫೋನ್ ಮಾಡ್ತೀರಿ ಅಂತ ಇಬ್ರೂ ಕೂತು ಬರೆದ್ವಿ. ಮೊದಲ ಹೆಸರು ಅವ್ರ ಅಕ್ಕ. ಅಲ್ಲಿಂದ್ಲೇ, ನನ್ನ ಎದುರಿಗೇ, ಅಕ್ಕನಿಗೆ ಕಾಲ್ ಮಾಡಿಸಿದೆ.

ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಬದುಕಿನ ಗುಣಮಟ್ಟದ ಅಳತೆ, 26 ಪ್ರಶ್ನೇದು, ಅದನ್ನೂ ತುಂಬಿಸಿದೆ. ದೇಹ, ಮನಸ್ಸು, ಸಂಬಂಧ, ಪರಿಸರ ಅಂತ ನಾಲ್ಕು ಭಾಗ, ಪ್ರತಿಯೊಂದೂ 100ಕ್ಕೆ, ಇಲ್ಲಿ ಅಂಕ ಜಾಸ್ತಿ ಬಂದಷ್ಟೂ ಒಳ್ಳೇದು. ಪರಿಸರ, ಅಂದ್ರೆ ಇರೋ ಜಾಗ, ಸುರಕ್ಷತೆ, ದುಡ್ಡು, ಓಡಾಟ, ಅದು 59. ದೇಹ 39, ಮನಸ್ಸು 33. ಸಂಬಂಧ 17. ಆ ಭಾಗದಲ್ಲಿರೋದು ಬರೀ ಮೂರು ಪ್ರಶ್ನೆ: ಹತ್ರದೋರ ಜೊತೆ ಸಂಬಂಧ ಹೇಗಿದೆ, ಲೈಂಗಿಕ ಜೀವನ ಹೇಗಿದೆ, ಸ್ನೇಹಿತರ ಆಸರೆ ಹೇಗಿದೆ. ಎರಡನೇದನ್ನ ಖಾಲಿ ಬಿಟ್ಟು ಮುಂದೆ ಹೋಗಿದ್ರು, ಕೊನೆಗೆ ವಾಪಸ್ ಬಂದು ಪೆನ್ಸಿಲ್ ಹಿಡ್ಕೊಂಡು ತುಂಬಾ ಹೊತ್ತು ಕೂತ್ರು. "ಏಳು ತಿಂಗಳಿಂದ ಗ್ಲೌಸ್ ಇಲ್ದೆ ಯಾರನ್ನೂ ಮುಟ್ಟಿಲ್ಲ ಮೇಡಂ" ಅಂದ್ರು. ಆಗ ಅವ್ರು ಮನೆಗೆ ವಾಪಸ್ ಹೋಗಿ ಮೂರು ವಾರ ಆಗಿತ್ತು, ಆದ್ರೂ ಬೇರೆ ಕೋಣೆಲೇ ಮಲಗ್ತಿದ್ರು, ಮಗು ಹತ್ರ ಬಂದ್ರೆ ತಾನಾಗೇ ಎರಡು ಹೆಜ್ಜೆ ಹಿಂದೆ ಹೋಗ್ತಿದ್ರು. ಮೆಮೊದಲ್ಲಿ ಇದ್ಯಾವ್ದೂ ಇಲ್ಲ.

ಇವ್ರೊಬ್ರೇ ಹೀಗಾ ಅಂದ್ರೆ ಅಲ್ಲ. 2020ರಲ್ಲೇ ಚೀನಾದ 34 ಆಸ್ಪತ್ರೆಗಳ 1,257 ಸಿಬ್ಬಂದಿನ ಕೇಳಿದ ಅಧ್ಯಯನ ಒಂದು ಬಂತು, ಅದರಲ್ಲಿ 50.4 ಪರ್ಸೆಂಟ್ ಜನಕ್ಕೆ ಡಿಪ್ರೆಶನ್ ಲಕ್ಷಣ, 34 ಪರ್ಸೆಂಟ್‌ಗೆ ನಿದ್ರಾಹೀನತೆ. ಸೌಮ್ಯ ಲಕ್ಷಣ ಇರೋರೂ ಆ 50ರಲ್ಲಿ ಸೇರಿದಾರೆ, ಅದನ್ನ ಬಿಟ್ಟು "ಅರ್ಧ ಡಾಕ್ಟ್ರು ನರ್ಸುಗಳಿಗೆ ಡಿಪ್ರೆಶನ್" ಅಂತ ಹೇಳೋದು ತಪ್ಪು, ಲಕ್ಷಣ ಬೇರೆ, ಪರೀಕ್ಷೆ ಮಾಡಿ ಹೇಳೋ ಕಾಯಿಲೆ ಬೇರೆ. ಆದ್ರೆ ಅದರಲ್ಲೂ ಜಾಸ್ತಿ ಬಿದ್ದಿದ್ದು ನರ್ಸುಗಳಿಗೆ, ಹೆಂಗಸರಿಗೆ, ನೇರವಾಗಿ ಪೇಷಂಟ್ ನೋಡ್ತಿದ್ದೋರಿಗೆ. ನಮ್ಮ ಸಿಸ್ಟರ್ ಮೂರರಲ್ಲೂ ಇದ್ರು.

ಬೆಡ್ 6

ಸೈಕಿಯಾಟ್ರಿಸ್ಟ್ ಮೊದ್ಲು ರಕ್ತ ಪರೀಕ್ಷೆ ಬರೆದ್ರು, ಥೈರಾಯ್ಡ್, ಹಿಮೋಗ್ಲೋಬಿನ್, ಬಿ12. ಕೋವಿಡ್ ಆದೋರಿಗೆ ಆಮೇಲೂ ಸುಸ್ತು ಉಳಿಯತ್ತೆ, ಮರೆವು ಉಳಿಯತ್ತೆ, ಅದನ್ನೂ ತಲೇಲಿ ಇಟ್ಕೋಬೇಕಿತ್ತು. ಹಿಮೋಗ್ಲೋಬಿನ್ ಸ್ವಲ್ಪ ಕಮ್ಮಿ ಬಿಟ್ರೆ ಎಲ್ಲ ಸರಿ ಇತ್ತು. ಬರ್ನೌಟ್, ಅಂದ್ರೆ ಕೆಲ್ಸದ ಒತ್ತಡಕ್ಕೆ ಬಸವಳಿದು ಹೋಗೋದು, ಅಂತ ಬರೆದು ಮುಗಿಸ್ಬಹುದಿತ್ತು, ಮೇಲಿನೋರು ಬಯಸಿದ್ದೂ ಅದನ್ನೇ. ಆದ್ರೆ ಅಂತರರಾಷ್ಟ್ರೀಯ ಕಾಯಿಲೆ ವರ್ಗೀಕರಣದ 11ನೇ ಆವೃತ್ತಿಲಿ ಬರ್ನೌಟ್‌ನ ಕೆಲ್ಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂತ ಇಟ್ಟಿದಾರೆ, ಕಾಯಿಲೆ ಅಂತಲ್ಲ. ಬರೀ ಬರ್ನೌಟ್ ಇರೋರಿಗೆ ಡ್ಯೂಟಿ ಮುಗಿಸಿ ನಾಲ್ಕು ದಿನ ರಜೆ ಹೋದ್ರೆ ಏನೋ ಒಂದು ಇಷ್ಟ ಆಗತ್ತೆ. ಇವ್ರಿಗೆ ರಜೇಲೂ ಏನೂ ಇಷ್ಟ ಆಗ್ತಿರ್ಲಿಲ್ಲ, ಬೆಳಗಿನ ಜಾವ ಮೂರೂವರೆಗೆ ಎಚ್ಚರ ಆಗಿ ಮತ್ತೆ ನಿದ್ದೆ ಇಲ್ಲ, ಮತ್ತೆ ಆ ಅಪರಾಧಿ ಭಾವನೆ. ಡಾಕ್ಟ್ರು ಡಿಪ್ರೆಶನ್ ಅಂತಾನೇ ಬರೆದ್ರು.

ಅಪರಾಧ ಯಾವ್ದು ಅಂತ ಮೂರು ಸಲ ಭೇಟಿ ಆದ್ರೂ ಹೇಳ್ಲಿಲ್ಲ. ಅಷ್ಟರಲ್ಲಿ ನಾನು ಮಾಡಿದ ತಪ್ಪು. ಎರಡನೇ ಭೇಟಿಲಿ ಅವ್ರ ಕೈ ನಡುಗೋದು ನೋಡಿ, ಎಲ್ಲರಿಗೂ ಮಾಡಿಸೋ ಹಾಗೆ ಉಸಿರಾಟದ ವ್ಯಾಯಾಮ ಶುರು ಮಾಡಿಸಿದೆ, ಕಣ್ಮುಚ್ಚಿ, ನಾಲ್ಕು ಎಣಿಸ್ತಾ ಉಸಿರು ತಗೊಳ್ಳಿ, ನಾಲ್ಕು ಎಣಿಸ್ತಾ ಬಿಡಿ. ಅರ್ಧ ನಿಮಿಷಕ್ಕೆ ಎದ್ದು ನಿಂತ್ರು, ಮುಖ ಬಿಳಿಚಿತ್ತು. ದಿನವಿಡೀ ಬೇರೆಯೋರ ಉಸಿರು ಎಣಿಸಿ ಎಣಿಸಿ ಚಾರ್ಟಲ್ಲಿ ಬರೆದೋರಿಗೆ, ಎಣಿಕೆ ತಪ್ಪಿದಾಗ ಏನಾಗತ್ತೆ ಅಂತ ಕಣ್ಣಾರೆ ನೋಡಿದೋರಿಗೆ ನಾನು ಉಸಿರು ಎಣಿಸಿ ಅಂದಿದ್ದೆ! ಅವತ್ತಿಂದ ಐಸಿಯು ಸ್ಟಾಫ್ ಯಾರಿಗೂ ಅದನ್ನ ಮೊದಲ ಔಷಧಿ ಥರ ಕೊಡಲ್ಲ. ಪಾದ ನೆಲಕ್ಕೆ ಒತ್ತೋದು, ಕೈಗೆ ತಣ್ಣೀರು ಬಿಟ್ಕೊಳ್ಳೋದು, ರೂಮಲ್ಲಿರೋ ನೀಲಿ ಬಣ್ಣದ ವಸ್ತು ಹುಡುಕೋದು, ಇಂಥದ್ರಿಂದ ಶುರು ಮಾಡ್ತೀನಿ.

ನಾಲ್ಕನೇ ಸಲ ಅವ್ರೇ ಶುರು ಮಾಡಿದ್ರು. ಬೆಡ್ 6ರಲ್ಲಿ ಐವತ್ತು ದಾಟಿದ ಒಬ್ರು, ಮಾಸ್ಕ್ ಆಕ್ಸಿಜನ್ ಸಾಲ್ದೆ ಗಂಟಲೊಳಗೆ ಟ್ಯೂಬ್ ಹಾಕ್ಬೇಕು ಅಂತ ಡಾಕ್ಟ್ರು ತೀರ್ಮಾನ ಮಾಡಿದ್ರು, ಟ್ಯೂಬ್ ಹಾಕಿದ್ಮೇಲೆ ಮಾತಾಡೋಕಾಗಲ್ಲ, ಅದಕ್ಕೆ ಮುಂಚೆ ಮಗನಿಗೆ ವಿಡಿಯೋ ಕಾಲ್. ಮಗ ಮಾತಾಡ್ತಿದ್ದ, ಇವ್ರು ಫೋನ್ ಹಿಡಿದಿದ್ರು. ಅಷ್ಟರಲ್ಲಿ ಬೆಡ್ 4ರ ಅಲಾರಂ, ಸ್ಯಾಚುರೇಶನ್, ಅಂದ್ರೆ ರಕ್ತದಲ್ಲಿರೋ ಆಕ್ಸಿಜನ್ ಮಟ್ಟ, ಸರ್ರನೆ ಇಳೀತಿದೆ. "ಇನ್ನೊಂದೇ ನಿಮಿಷ ಸಿಸ್ಟರ್" ಅಂದ ಮಗ. ಇವ್ರು ಕಟ್ ಮಾಡೋಕೆ ಕೆಂಪು ಬಟನ್ ಒತ್ತಿದ್ರು. ಎರಡು ಜೊತೆ ಗ್ಲೌಸ್, ಅದ್ರ ಮೇಲೆ ಪ್ಲಾಸ್ಟಿಕ್ ಕವರ್, ಟಚ್ ತಗೊಳ್ಲಿಲ್ಲ. ಮತ್ತೆ ಒತ್ತಿದ್ರು, ತಗೊಳ್ಲಿಲ್ಲ, ಪರದೆ ಮೇಲೆ ಹುಡುಗ ಇನ್ನೂ ಮಾತಾಡ್ತಾನೇ ಇದಾನೆ.

"ಮೊದಲೆರಡು ಸಲ ಅವಸರದಲ್ಲಿ ಒತ್ತಿದ್ದು ಮೇಡಂ. ಮೂರನೇ ಸಲ ಅವ್ನ ಮುಖ ನೋಡ್ಕೊಂಡೇ ಒತ್ತಿದೆ."

ಬೆಡ್ 6ರೋರು ಒಂಬತ್ತನೇ ದಿನಕ್ಕೆ ತೀರ್ಕೊಂಡ್ರು. ಆ ಮಗ ಅಪ್ಪನ ಜೊತೆ ಮತ್ತೆ ಮಾತಾಡ್ಲೇ ಇಲ್ಲ.

ವಿಯೆಟ್ನಾಂ ಯುದ್ಧದಿಂದ ಬಂದ ಸೈನಿಕರಿಗೆ ಚಿಕಿತ್ಸೆ ಕೊಡ್ತಿದ್ದ ಜೊನಾಥನ್ ಶೇ ಅನ್ನೋ ಅಮೆರಿಕದ ಮನೋವೈದ್ಯರು ಇಂಥ ನೋವಿಗೆ ಮಾರಲ್ ಇಂಜುರಿ ಅನ್ನೋ ಹೆಸರು ಬಳಕೆಗೆ ತಂದ್ರು, ನೈತಿಕ ಗಾಯ ಅನ್ಬಹುದು. ಭಯದಿಂದ ಆಗೋದಲ್ಲ ಇದು. ನಾನು ಯಾವ್ದು ಸರಿ ಅಂತ ನಂಬಿದೀನೋ ಅದಕ್ಕೆ ವಿರುದ್ಧವಾಗಿ ನನ್ನ ಕೈಯಿಂದ್ಲೇ ಮಾಡಿಸ್ಬಿಟ್ಟಿತು ಪರಿಸ್ಥಿತಿ ಅನ್ನೋ ಗಾಯ. ನಾಲ್ಕು ಬೆಡ್‌ಗೆ ಒಬ್ರೇ ಇದ್ದಿದ್ದು ರೋಸ್ಟರ್, ಅಂದ್ರೆ ಡ್ಯೂಟಿ ಪಟ್ಟಿಯ ತಪ್ಪು, ಆದ್ರೆ ಬಟನ್ ಒತ್ತಿದ್ದು ಇವ್ರ ಬೆರಳು.

"ನಿಮ್ಮ ತಪ್ಪಲ್ಲ ಸಿಸ್ಟರ್" ಅಂತ ನಾನು ಹೇಳ್ಲಿಲ್ಲ, ಆಗ್ಲೇ ಹತ್ತು ಜನ ಹೇಳಿ ಆಗಿತ್ತು, ಅವ್ರಿಗೆ ಅದು ಬಾಯಿ ಮುಚ್ಚಿಸೋ ಮಾತಾಗಿತ್ತು. ಬದಲಿಗೆ ಒಂದು ಹಾಳೆ ತಗೊಂಡು ಆ ಹದಿನೈದು ನಿಮಿಷನ ನಿಮಿಷ ನಿಮಿಷ ಬರೆದ್ವಿ, ಯಾವ ಬೆಡ್ಡಲ್ಲಿ ಏನು, ಯಾರೆಲ್ಲಿದ್ರು. ಬೆಡ್ 4ರಲ್ಲಿ ವೆಂಟಿಲೇಟರ್ ಸರ್ಕ್ಯೂಟ್ (ಗಾಳಿ ಪೈಪು) ಕಳಚಿತ್ತು, ಇವ್ರು ಹೋಗಿ ಸೇರಿಸಿದ್ರು, ಆ ಪೇಷಂಟ್ ಮೂರು ವಾರ ಬಿಟ್ಟು ಡಿಸ್ಚಾರ್ಜ್ ಆದ್ರು. ಇದು ಇವ್ರಿಗೆ ಗೊತ್ತಿಲ್ದೇ ಇದ್ದ ವಿಷ್ಯ ಅಲ್ಲ, ಆದ್ರೆ ಎರಡು ಬೆಡ್ಡನ್ನೂ ಒಂದೇ ಹಾಳೆ ಮೇಲೆ ಯಾವತ್ತೂ ನೋಡಿರ್ಲಿಲ್ಲ. ನೋಡಿ ಸ್ವಲ್ಪ ಹೊತ್ತು ಸುಮ್ನಿದ್ದು "ಸರಿ. ಆದ್ರೂ" ಅಂದ್ರು. ಆ "ಆದ್ರೂ"ನ ಅಳಿಸೋಕೆ ನಾನು ಹೋಗ್ಲಿಲ್ಲ. ಅದು ಇರ್ಲಿ, ಅದಕ್ಕೆ ಬೆಲೆ ಇದೆ ಅಂತ ನಂಗನ್ಸತ್ತೆ.

ಅಲೆ ಇಳಿದ ಮೇಲೇ ಯಾಕೆ ಕುಸಿದ್ರು ಅನ್ನೋದಕ್ಕೂ ಉತ್ತರ ಇಲ್ಲೇ ಇದೆ ಅಂತ ನನ್ನ ಅಂದಾಜು. ಓಡ್ತಿರೋವರೆಗೂ ಬೆಡ್ 6 ನೆನಪಾಗೋಕೆ ಪುರುಸೊತ್ತು ಇರ್ಲಿಲ್ಲ, ಜೊತೆಗೆ ಅದೇ ಬೆವರಲ್ಲಿ ನಿಂತಿದ್ದ ಟೀಮ್ ಇತ್ತು. ಬೆಡ್ ಖಾಲಿ ಆಯ್ತು, ಟೀಮನ್ನ ಬೇರೆ ಬೇರೆ ವಾರ್ಡ್‌ಗೆ ಹಂಚಿದ್ರು, ಹೂಗುಚ್ಛ ಕೊಟ್ಟು ಫೋಟೋ ತೆಗೆದ್ರು. ಅವತ್ತು ರಾತ್ರಿಯಿಂದ ಮೂರೂವರೆ ಎಚ್ಚರ ಶುರು.

ರೋಸ್ಟರ್

ಔಷಧಿ ವಿಷ್ಯ ಬೇಗ ಹೇಳಿ ಮುಗಿಸ್ತೀನಿ. ಡಿಪ್ರೆಶನ್‌ಗೆ ಕೊಡೋ ಎಸ್‌ಎಸ್‌ಆರ್‌ಐ ಗುಂಪಿನ ಒಂದು ಮಾತ್ರೆ, ಕಮ್ಮಿ ಡೋಸಿಂದ ಶುರು. ಮೊದಲ ವಾರ ಹೊಟ್ಟೆ ತೊಳಸು, ಸ್ವಲ್ಪ ಚಡಪಡಿಕೆ, ಕೆಲ್ಸ ಮಾಡೋಕೆ ಎರಡರಿಂದ ನಾಲ್ಕು ವಾರ ಬೇಕು, ಅಲ್ಲಿವರೆಗೆ ಬಿಡಬಾರ್ದು ಅಂತ ಮೊದ್ಲೇ ಹೇಳಿದ್ರಿಂದ ಬಿಡ್ಲಿಲ್ಲ. ತಮಾಷೆ ಅಂದ್ರೆ ದಿನಾ ಬೇರೆಯೋರಿಗೆ ಮಾತ್ರೆ ಕೊಡೋರು, ತನ್ನ ಮಾತ್ರೆ ನಮ್ಮ ಫಾರ್ಮಸಿಲಿ ತಗೊಳ್ಳೋಕೆ ಸುತಾರಾಂ ಒಪ್ಲಿಲ್ಲ, ಕೌಂಟರಲ್ಲಿರೋ ಹುಡುಗನಿಗೆ ಗೊತ್ತಾದ್ರೆ ಸಂಜೆ ಒಳಗೆ ನಾಲ್ಕು ಫ್ಲೋರ್‌ಗೂ ಗೊತ್ತು ಅಂತ. ಹೊರಗಿನ ಡಾಕ್ಟ್ರು, ಹೊರಗಿನ ಔಷಧಿ ಅಂಗಡಿ. ಹೊರಗೆ ವ್ಯವಸ್ಥೆ ಇಲ್ದೇ ಇದ್ರೆ ಆಸ್ಪತ್ರೆಯೋರೇ ಚಿಕಿತ್ಸೆ ಇಲ್ದೆ ಇರ್ತಾರೆ, ಇದನ್ನ ನಾನು ಮತ್ತೆ ಮತ್ತೆ ನೋಡಿದೀನಿ.

ನಂಗೆ ಹೆಚ್ಚು ಹೊತ್ತು ಹಿಡಿದಿದ್ದು ಆಡಳಿತದ ಜೊತೆ ಗುದ್ದಾಟ. ಸಿಬ್ಬಂದಿಗೆ ಅಂತ ಅವ್ರು ಮಾಡಿದ್ದು ಮನೋಸ್ಥೈರ್ಯದ ವೆಬಿನಾರ್, ಮಧ್ಯಾಹ್ನ ಮೂರಕ್ಕೆ. ಆ ಹೊತ್ತಲ್ಲಿ ಡೇ ಡ್ಯೂಟಿಯೋರು ಪಿಪಿಇ ಒಳಗೆ, ನೈಟ್ ಡ್ಯೂಟಿಯೋರು ನಿದ್ದೇಲಿ. ಕೇಳಿದೋರು ಯಾರು, ಆಫೀಸಿನೋರು. ಆಮೇಲೆ ಎಲ್ಲರನ್ನೂ ಒಂದೇ ಸಲ ಕೂರಿಸಿ ಆಗಿದ್ದೆಲ್ಲ ಹೇಳಿಸ್ಬಿಡೋಣ, ಮನಸ್ಸು ಹಗುರ ಆಗತ್ತೆ ಅಂದ್ರು. ನಾನು ಬೇಡ ಅಂದೆ. ಇಷ್ಟ ಇರ್ಲಿ ಬಿಡ್ಲಿ ಒಂದೇ ಕೂಟದಲ್ಲಿ ಎಲ್ಲ ಕಕ್ಕಿಸೋ ಡಿಬ್ರೀಫಿಂಗ್‌ನಿಂದ ಪಿಟಿಎಸ್‌ಡಿ, ಅಂದ್ರೆ ಆಘಾತ ಆದ್ಮೇಲೆ ಉಳಿಯೋ ಮನಸ್ಸಿನ ಕಾಯಿಲೆ, ಬರ್ದಂಗೆ ತಡೆಯೋಕಾಗಲ್ಲ ಅಂತ ಆಗ್ಲೇ ಸಂಶೋಧನೆಗಳು ಹೇಳಿದ್ವು, ವಿಶ್ವ ಆರೋಗ್ಯ ಸಂಸ್ಥೆನೂ ಅದನ್ನ ಮಾಡ್ಬೇಡಿ ಅಂತಾನೇ ಹೇಳತ್ತೆ.

ಸೂಪರಿಂಟೆಂಡೆಂಟ್ ಮೇಡಂಗೆ 17 ಅನ್ನೋ ಅಂಕ ತೋರಿಸೋಂಗಿಲ್ಲ, ಗೋಪ್ಯ. ತೋರಿಸಿದ್ರೂ "ಎಲ್ಲರಿಗೂ ಕಷ್ಟನೇ ಅಲ್ವಾ" ಅಂತಿದ್ರು. ಅದಕ್ಕೆ ಸಿಸ್ಟರ್‌ನ ಕೇಳ್ಕೊಂಡು, ಅವ್ರ ಹಳೇ ರೋಸ್ಟರ್ ತೆಗೆಸಿ ಒಂದು ಗ್ರಾಫ್ ಹಾಳೆ ಮೇಲೆ ಬಣ್ಣ ತುಂಬಿದೆ, ಡೇ ಹಳದಿ, ನೈಟ್ ಕಪ್ಪು, ಆಫ್ ಬಿಳಿ. ಅಲೆ ಜೋರಿದ್ದ ಒಂದು ತಿಂಗಳಲ್ಲಿ 30 ದಿನಕ್ಕೆ 27 ಡ್ಯೂಟಿ. ಒಂದು ಕಡೆ 13 ದಿನ ಮಧ್ಯೆ ಬಿಳಿನೇ ಇಲ್ಲ. ನಾಲ್ಕು ಕಡೆ ಹಳದಿ ಮುಗಿದು ಬರೀ ಒಂಬತ್ತು ಗಂಟೆ ಬಿಟ್ಟು ಕಪ್ಪು ಶುರು. ಹಾಳೆ ಮೇಜಿನ ಮೇಲೆ ಇಟ್ಟು ನಾನೇನೂ ಮಾತಾಡ್ಲಿಲ್ಲ. ಮೇಡಂ ಬೆರಳಿಟ್ಟು 13 ಎಣಿಸಿದ್ರು, ಇನ್ನೊಂದ್ಸಲ ಎಣಿಸಿದ್ರು. ಅವ್ರೂ ಒಂದು ಕಾಲದಲ್ಲಿ ನೈಟ್ ಮಾಡಿ ಬಂದೋರೇ. "ಇದಕ್ಕೆ ನಾನೇ ಸೈನ್ ಹಾಕಿದೀನಾ?" ಅಂದ್ರು.

ಮೆಮೊ ವಾಪಸ್ ಆಯ್ತು, ಎರಡು ತಪ್ಪನ್ನೂ ನಿಯರ್ ಮಿಸ್, ಅಂದ್ರೆ ಸ್ವಲ್ಪದರಲ್ಲಿ ತಪ್ಪಿದ ಅನಾಹುತ ಅಂತ, ಯಾರ ಹೆಸರೂ ಇಲ್ದೆ, ವ್ಯವಸ್ಥೆಲಿ ಏನು ಸರಿ ಮಾಡ್ಬೇಕು ಅನ್ನೋ ಪಟ್ಟಿಗೆ ಸೇರಿಸಿದ್ರು. ಮೂರು ವಾರ ರಜೆ, ಆಮೇಲೆ ಮೂರು ತಿಂಗಳು ಐಸಿಯು ಇಲ್ಲ, ನೈಟ್ ಇಲ್ಲ. ರಜೆಗೆ ಸಿಸ್ಟರ್ ಒಪ್ಪೋಕೇ ಒಂದು ವಾರ ಹಿಡೀತು, ನಾನು ಹೋದ್ರೆ ನನ್ನ ಡ್ಯೂಟಿ ಯಾರ ತಲೆ ಮೇಲೆ ಬೀಳತ್ತೆ ಅಂತ ಹೆಸರು ಸಮೇತ ಗೊತ್ತಲ್ಲ ಮೇಡಂ ಅಂತ. ಹೌದು, ಅವ್ರು ಹೇಳಿದ್ದು ನಿಜ, ಬಿದ್ದಿದ್ದು ಆ ಜೂನಿಯರ್ ಸಿಸ್ಟರ್ ತಲೆ ಮೇಲೇ. ಅದಕ್ಕೆ ನನ್ನ ಹತ್ರ ಪರಿಹಾರ ಇರ್ಲಿಲ್ಲ, ಇನ್ನಿಬ್ರು ನರ್ಸ್ ತಗೊಳ್ಳಿ ಅನ್ನೋದು ಬಿಟ್ಟು, ಅದು ಆಗಿದ್ದು ಐದು ತಿಂಗಳು ಬಿಟ್ಟು, ಅದೂ ಒಬ್ರೇ.

ಆಮೇಲೆ

ನಾಲ್ಕನೇ ವಾರಕ್ಕೆ ಅಂಕ 14, ಎಂಟನೇ ವಾರಕ್ಕೆ 9, ಆರು ತಿಂಗಳಿಗೆ 4. ಒಂಬತ್ತನೇ ಪ್ರಶ್ನೆ ಆರನೇ ವಾರದಿಂದ 0. ಕಾಗದದ ಮೇಲೆ ಇದು ಚಿಕಿತ್ಸೆ ಗೆದ್ದ ಕೇಸ್, ಫೈಲ್ ಮುಚ್ಚಬಹುದು. ಆದ್ರೆ ಅದೇ ದಿನ ತುಂಬಿಸಿದ ಬದುಕಿನ ಗುಣಮಟ್ಟದ ಹಾಳೆ ಬೇರೆ ಹೇಳ್ತಿತ್ತು. ದೇಹ 68, ಮನಸ್ಸು 63, ಪರಿಸರ 63. ಸಂಬಂಧ 33. ಒಂದು ಮೆಟ್ಟಿಲೋ ಎರಡೋ ಮೇಲೆ ಬಂದು ಅಲ್ಲೇ ನಿಂತಿದೆ. ಮಾತ್ರೆ ನಿದ್ದೆ ಕೊಡ್ತು, ರೋಸ್ಟರ್ ಮೈಗೆ ಸುಧಾರಿಸ್ಕೊಳ್ಳೋಕೆ ಟೈಮ್ ಕೊಡ್ತು, ಆದ್ರೆ ಏಳು ತಿಂಗಳು ಮುಟ್ಟದೇ ಇದ್ದ ಮನೇಲಿ ಮತ್ತೆ ಜಾಗ ಮಾಡ್ಕೊಳ್ಳೋದು ಎರಡರಿಂದ್ಲೂ ಆಗ್ಲಿಲ್ಲ. ನಾನು ಇಲ್ಲಿ ತಡ ಮಾಡಿದೆ. ಗಂಡನ್ನ ಕರೆಸಿದ್ದು ಐದನೇ ತಿಂಗಳಲ್ಲಿ, ಎರಡನೇ ವಾರದಲ್ಲೇ ಕರೆಸ್ಬೇಕಿತ್ತು, ಸಂಬಂಧ 17 ಅನ್ನೋ ಆ ಇನ್ನೊಂದು ಅಂಕ ಕಣ್ಣೆದುರೇ ಇತ್ತು, ನಾನು ಮಾತ್ರ ಪಿಎಚ್‌ಕ್ಯೂ ಹಿಂದೆ ಓಡ್ತಿದ್ದೆ.

ಇದು ಎಷ್ಟು ದಿನ ಎಳೀಬಹುದು ಅನ್ನೋದಕ್ಕೆ ಹಳೇ ಉದಾಹರಣೆ ಇದೆ. 2003ರಲ್ಲಿ ಕೋವಿಡ್ ಥರದ್ದೇ ವೈರಸ್ ಕಾಯಿಲೆ ಸಾರ್ಸ್ ಬಂದಾಗ ಕೆನಡಾದ ಟೊರೊಂಟೊ ಆಸ್ಪತ್ರೆಗಳಲ್ಲಿ ಕೆಲ್ಸ ಮಾಡಿದೋರನ್ನ 13ರಿಂದ 26 ತಿಂಗಳು ಬಿಟ್ಟು ಕೇಳಿದ್ರು. ಸಾರ್ಸ್ ಪೇಷಂಟ್ ನೋಡದೇ ಇದ್ದ ಆಸ್ಪತ್ರೆಗಳೋರಿಗಿಂತ ಇವ್ರಲ್ಲಿ ಬರ್ನೌಟ್, ಮಾನಸಿಕ ಸಂಕಟ ಆಗ್ಲೂ ಜಾಸ್ತಿನೇ ಇತ್ತು, ಪೇಷಂಟ್ ಜೊತೆ ಕಳೆಯೋ ಗಂಟೆ ಕಮ್ಮಿ ಮಾಡ್ಕೊಂಡೋರೂ ಜಾಸ್ತಿ. ಸಾರ್ಸ್ ಕೆಲವೇ ತಿಂಗಳಲ್ಲಿ ಮುಗಿದಿತ್ತು. ಕೋವಿಡ್ ಜಾಗತಿಕ ತುರ್ತುಸ್ಥಿತಿ ಮುಗೀತು ಅಂತ ಹೇಳಿದ್ದೇ 2023ರ ಮೇ 5ಕ್ಕೆ. 2020ರ ಜನವರಿಯಿಂದ 2021ರ ಮೇ ಒಳಗೆ ಜಗತ್ತಲ್ಲಿ 80,000ದಿಂದ 1,80,000 ಆರೋಗ್ಯ ಸಿಬ್ಬಂದಿ ಕೋವಿಡ್‌ನಿಂದ ತೀರ್ಕೊಂಡಿರ್ಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತ್ತು. ಉಳ್ಕೊಂಡೋರಲ್ಲಿ ಎಷ್ಟು ಜನ ಹೀಗೆ ಮಗು ಹತ್ರ ಬಂದ್ರೆ ಹಿಂದೆ ಸರೀತಿದಾರೋ, ಅದಕ್ಕೆ ಯಾವ ಫಾರ್ಮೂ ಇಲ್ಲ.

ಐದನೇ ತಿಂಗಳಿಂದ ಗಂಡ ಹೆಂಡ್ತಿ ಇಬ್ರನ್ನೂ ಕೂರಿಸಿ ಮಾತಾಡಿದ್ವಿ. ದೊಡ್ಡ ಟೆಕ್ನಿಕ್ ಏನಿಲ್ಲ, ದಿನಕ್ಕೆ ಒಂದ್ಸಲ ಮಗಳ ತಲೆ ಬಾಚೋದು ಇವ್ರ ಕೆಲ್ಸ, ಅಷ್ಟೇ. ಯಾಕಂದ್ರೆ ಜಡೆ ಹಾಕೋಕೆ ಹತ್ರ ಕೂರ್ಲೇಬೇಕು, ಮುಖ ಎದುರಿಗೆ ಇರಲ್ಲ, ಮಾತಾಡ್ಲೇಬೇಕು ಅಂತ ಇಲ್ಲ, ಕೈಗೆ ಕೆಲ್ಸ ಇರತ್ತೆ. ಮೊದಲ ವಾರ ಮಗಳು "ಅಪ್ಪನೇ ಬಾಚ್ಲಿ" ಅಂತ ಅತ್ತಳಂತೆ. ಸಿಸ್ಟರ್ ಅದನ್ನ ಹೇಳ್ಕೊಂಡು ನನ್ನ ಎದುರಿಗೆ ಅತ್ರು, ಅಷ್ಟು ತಿಂಗಳಲ್ಲಿ ಅದೇ ಮೊದ್ಲು ಅತ್ತಿದ್ದು.

ಒಂಬತ್ತನೇ ತಿಂಗಳಲ್ಲಿ ಅವ್ರೇ ಕೇಳಿ ಐಸಿಯುಗೆ ವಾಪಸ್ ಹೋದ್ರು, ವಾರಕ್ಕೆ ಮೂರು ದಿನ, ಡೇ ಮಾತ್ರ. ಒಂದೇ ಒಂದು ಷರತ್ತು ಹಾಕಿದ್ರು, ವಾರ್ಡ್ ಫೋನ್ ಡ್ಯೂಟಿ ಒಬ್ರಿಗೇ ಕೊಡಂಗಿಲ್ಲ, ಶಿಫ್ಟ್‌ಗೆ ಒಬ್ರಂತೆ ಸರದಿ. ಇನ್‌ಚಾರ್ಜ್ ಒಪ್ಪಿದ್ರು. ಆ ಸರದಿ ಪಟ್ಟೀಲಿ ತನ್ನ ಹೆಸರನ್ನೂ ಅವ್ರೇ ಬರೆದ್ರು, ಗುರುವಾರಕ್ಕೆ. ಮಾತ್ರೆ ಇನ್ನೂ ನಡೀತಿತ್ತು, ನಿಧಾನಕ್ಕೆ ಇಳಿಸೋದು ಅಂತ ಡಾಕ್ಟ್ರು ಹೇಳಿದ್ರು. ನನ್ನ ಹತ್ರ ಬರೋ ದಿನನೂ ಗುರುವಾರನೇ ಇತ್ತು, ಅದನ್ನ ಶುಕ್ರವಾರಕ್ಕೆ ಹಾಕಿ ಮೇಡಂ, ಬೆಳಿಗ್ಗೆ ಬೇಡ, ಜಡೆ ಹಾಕೋದಿರತ್ತೆ ಅಂದ್ರು.